ಓಕೊನ ಕತ್ತಿನ ಪೌಡರು

ಮೀನಿನ ತಲೆಗಳೆಲ್ಲ ಒಂದೇ ದಿಕ್ಕಿಗಿರಬೇಕು. ಹೊಗೆಗೂಡಿನ ಜರಡಿಯ ಮೇಲೆ ಬೂತಾಯಿಗಳನ್ನು ಒಂದರ ಬೆನ್ನಿಗೆ ಇನ್ನೊಂದರ ಹೊಟ್ಟೆ ತಾಗುವ ಹಾಗೆ, ತಲೆ ಸಮುದ್ರದ ಕಡೆ, ಬಾಲ ರಸ್ತೆಯ ಕಡೆ, ಹೀಗೆ ಜೋಡಿಸುವುದನ್ನು ಲಾಮಿಲೆಯ ಕೈಗಳು ಅವಳನ್ನು ಕೇಳದೆಯೇ ಮಾಡಿಕೊಂಡು ಬಂದಿದ್ದವು. ಇವತ್ತು ಅರ್ಧ ಜರಡಿ ತುಂಬಿದ ಮೇಲೆ ನೋಡಿದರೆ ಮೀನುಗಳು ಜಗಳವಾಡಿ ಮಲಗಿದವರ ಹಾಗೆ ಒಂದೊಂದೂ ಒಂದೊಂದು ಕಡೆ ಮುಖ ಮಾಡಿದ್ದವು. ಎಲ್ಲವನ್ನೂ ಎತ್ತಿ ಬುಟ್ಟಿಗೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಉಗುರಿನ ಬುಡದಲ್ಲಿ, ಬೆರಳಿನ ಗೆರೆಗಳಲ್ಲಿ ಬಿಳಿಯದೇನೋ ಇನ್ನೂ ಅಂಟಿಕೊಂಡಿತ್ತು. ನಿನ್ನೆ ಇದೇ ಕೈಯಲ್ಲಿ ಪೌಡರಿನ ಡಬ್ಬಿ ಬೋರಲು ಮಾಡಿ ಇಬ್ಬರು ಅವಳಿ ಮೊಮ್ಮಕ್ಕಳ ಕತ್ತಿಗೂ ಹಚ್ಚಿದ್ದಳು. ಮೊದಲು ಓಕೊನಿಗೆ, ಯಾಕೆಂದರೆ ಅವನು ಮೊದಲು ಹೊರಬಂದವನು, ಆಮೇಲೆ ಅಕ್ವೊಕೊಗೆ. ಹೆತ್ತು ಎದ್ದವಳಿಗೆ, ಕೋರ್ಟಿನಲ್ಲಿ ಗೆದ್ದು ಬಂದವನಿಗೆ, ಪರೀಕ್ಷೆ ದಾಟಿದವರಿಗೆ ಹಚ್ಚುವ ಪೌಡರು. ಹಚ್ಚುವಾಗ ಓಕೊನ ಕತ್ತಿನ ನರ ಅವಳ ಹೆಬ್ಬೆರಳ ಕೆಳಗೆ ಒಂದು ಸಲ ಹಾರಿತು. ಕಚಗುಳಿಯಾಯಿತೇನೋ ಎಂದುಕೊಂಡು ಅವಳು ನಕ್ಕಿದ್ದಳು. ಆ ನಗು ಈಗ ನೆನಪಾಗಿ, ಹೊಗೆ ತಾಗಿದವಳ ಹಾಗೆ ಮುಖ ಆಚೆ ತಿರುಗಿಸಿದಳು. ಗೂಡಿಗೆ ಇನ್ನೂ ಬೆಂಕಿಯನ್ನೇ ಹಾಕಿರಲಿಲ್ಲ.

ಒಳಗೆ ಹುಡುಗಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಹುಡುಗ ಬೆಳಕು ಹರಿಯುವ ಮೊದಲೇ ಎದ್ದು ಸಮುದ್ರದ ಕಡೆ ಹೋಗಿದ್ದ. ನಿನ್ನೆಯಿಂದ ಇಬ್ಬರೂ ಉಂಡಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳು ಮುನಿಸಿಕೊಂಡು ಊಟ ಬಿಟ್ಟರೆ, ಹಸಿವಾದಾಗ ತಾವೇ ಬರುತ್ತಾರೆ ಎಂದು ಸುಮ್ಮನಿರಬಹುದು. ಅವಳಿಗಳ ಮನೆಯಲ್ಲಿ ಹಾಗಲ್ಲ. ವಾಪಸು ಹೋಗಬೇಕೆಂದು ಮನಸ್ಸು ಮಾಡಿದ ಅವಳಿ ಮೊದಲು ಊಟ ಸರಿಸುತ್ತದೆ ಎಂದು ಲಾಮಿಲೆ ತನ್ನ ತಾಯಿಯಿಂದ ಕೇಳಿದ್ದಳು, ತಾಯಿ ಅವಳ ತಾಯಿಯಿಂದ. ವಾಪಸು ಎಂದರೆ ಎಲ್ಲಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿತ್ತಲ ಮೂಲೆಯಲ್ಲಿ ಸೊಪ್ಪಿನ ನೀರಿನ ಬೋಗುಣಿ, ಅದರೊಳಗೆ ಕಾಡುಕೋಣದ ಜೋಡಿ ಕೊಂಬು. ಅವಳಿಗಳು ಕಾಡುಕೋಣದ ಜೀವ ಹೊತ್ತು ಕಾಡಿನಿಂದ ಬಂದವರು ಎಂಬುದಕ್ಕೆ ಅದೇ ಗುರುತು. ಚರ್ಚಿನ ಪಾಸ್ಟರು ಅದನ್ನು ಎತ್ತಿ ಬಿಸಾಡು ಎಂದು ಎಷ್ಟೋ ಸಲ ಹೇಳಿದ್ದರು. ಅವಳು ಆಗಲಿ ಪಾಸ್ಟರೇ ಎಂದು ಹೇಳಿ ನೀರು ಬದಲಾಯಿಸುತ್ತ ಬಂದಿದ್ದಳು. ಸಂಜೆ ಸೊವಾ ಮೇಷ್ಟ್ರು ಬರುವವರಿದ್ದರು. ಗುಡ್ಡದ ಮೇಲಿನ ಶಾಲೆಗೆ ಹೂಂ ಎನ್ನಬೇಕು, ಇಲ್ಲವೆ ಉಹೂಂ. ಉಹೂಂ ಎಂದರೆ ಆ ಜಾಗ ಬೇರೆ ಯಾವುದೋ ಊರಿನ ಮಗುವಿಗೆ ಹೋಗುತ್ತದೆ. ಮಕ್ಕಳ ತಾಯಿ ಕುಮಾಸಿಯ ಸಂತೆಯಲ್ಲಿ ಒಣಮೀನು ಮಾರುತ್ತ ಅಲ್ಲೇ ಉಳಿದವಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ, ಇವರನ್ನು ಬದುಕಿಸಿದವಳು ನೀನು, ನೀನೇ ನೋಡು.

ಬದುಕಿಸಿದ್ದು ನಿಜ. ಇಬ್ಬರೂ ಇನ್ನೂ ಹೊಟ್ಟೆಯ ಮೇಲೆ ತೆವಳುವ ಕಾಲ. ಲೋಮೆಯ ಕಡೆಯಿಂದ ಬಂದ ನೆಂಟಳೊಬ್ಬಳು ಹುಡುಗಿಯ ಸೊಂಟಕ್ಕೆ ನೀಲಿ ಮಣಿಯ ಎಳೆಯೊಂದನ್ನು ಕಟ್ಟಿ, ಗಂಡುಮಗುವಿಗೆ ಮಣಿ ಯಾಕೆ ಎಂದು ಹಾಗೇ ಬಿಟ್ಟು ಹೋದಳು. ಅವಳು ಬಸ್ಸು ಹತ್ತುವ ಮೊದಲೇ ಓಕೊನಿಗೆ ಮೈ ಸುಡಲು ಶುರುವಾಗಿತ್ತು. ಎದೆಹಾಲು ಬೇಡ, ಗಂಜಿ ಬೇಡ, ಕಣ್ಣು ಮೇಲಕ್ಕೆ. ಆಸ್ಪತ್ರೆಯ ನರ್ಸಮ್ಮ ಸೊಳ್ಳೆಯ ಜ್ವರ ಎಂದು ಕಹಿ ಔಷಧಿ ಕೊಟ್ಟಳು. ಲಾಮಿಲೆ ಔಷಧಿಯನ್ನೂ ಕುಡಿಸಿದಳು, ಓಡಿಹೋಗಿ ಅಂಥದೇ ನೀಲಿ ಮಣಿ ತಂದು ಅವನ ಸೊಂಟಕ್ಕೂ ಕಟ್ಟಿದಳು. ಮರುದಿನ ಮಗು ಬೆವರಿ ಎದ್ದು ಗಂಜಿಗೆ ಬಾಯಿ ತೆರೆಯಿತು. ಔಷಧಿಯೋ ಮಣಿಯೋ ಎಂದು ಕೇಳಿದರೆ ಅವಳು ಎರಡಕ್ಕೂ ಕೈಮುಗಿಯುವವಳೇ. ಆದರೆ ಅವತ್ತಿನಿಂದ ಅವಳ ಕೈ ಎಂದೂ ಒಂದನ್ನೇ ಎತ್ತಿ ಕೊಡಲಿಲ್ಲ. ಒಬ್ಬನಿಗೆ ಚಪ್ಪಲಿ ಹರಿದರೆ ಇಬ್ಬರಿಗೂ ಚಪ್ಪಲಿ. ಹುಡುಗಿಗೆ ಹೊಟ್ಟೆನೋವು ಬಂದರೆ ಹುಡುಗನೂ ಮುಖ ಕಿವಿಚಿಕೊಂಡು ಕಷಾಯ ಕುಡಿಯಬೇಕು. ದೊಡ್ಡವನಾದ ಮೇಲೂ ಓಕೊ ಅಂಗಿಯ ಕೆಳಗೆ ಆ ಮಣಿ ಎಳೆಯನ್ನು ಕಟ್ಟಿಕೊಂಡೇ ಸಮುದ್ರಕ್ಕೆ ಹಾರುತ್ತಿದ್ದ. ಹುಡುಗರು ಹುಡುಗೀ ಹುಡುಗೀ ಎಂದು ಕೂಗಿದರೆ, ಹೂಂ ಕಣ್ರೋ ಬನ್ನಿ ಮದುವೆಯಾಗಿ ಎಂದು ನೀರೆರಚುತ್ತಿದ್ದ. ಅಂಥ ಹುಡುಗ.

ಗುಡ್ಡದ ಮೇಲಿನ ಶಾಲೆಯ ಮಾತು ಮೊದಲು ಬಂದದ್ದು ಅವನಿಗಾಗಿಯೇ. ತಲೆ ಚುರುಕಾದ ಮಕ್ಕಳನ್ನು ಕರಾವಳಿಯ ಶಾಲೆಗಳಿಂದ ಆರಿಸಿ, ಅಲ್ಲೇ ಇಟ್ಟುಕೊಂಡು, ಬೇರೆಯದೇ ರೀತಿಯಲ್ಲಿ ಕಲಿಸುತ್ತಾರಂತೆ. ಸೊವಾ ಮೇಷ್ಟ್ರು ತಮ್ಮ ತರಗತಿಯಿಂದ ಓಕೊನ ಹೆಸರು ಕೊಟ್ಟಿದ್ದರು. ಕೇರಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ದೋಣಿ ದಡಕ್ಕೆ ಬಂದು ಹೆಂಗಸರು ಪಾಲಿಗೆ ಕಿತ್ತಾಡುವಾಗ ಲೆಕ್ಕ ಬಿಡಿಸಲು ಅವನನ್ನೇ ಕೂಗುತ್ತಿದ್ದರು. ಅಣ್ಣ ಲೆಕ್ಕ ಹೇಳುತ್ತಿದ್ದರೆ ತಂಗಿ ಪಕ್ಕದಲ್ಲಿ ಕೂತು ಮರಳಿನ ಮೇಲೆ ಏನೋ ಗೆರೆ ಎಳೆಯುವುದು, ಅಳಿಸುವುದು, ಅಷ್ಟೇ. ಲಾಮಿಲೆ ಮೀನಿನ ವಾಸನೆಯ ಬಟ್ಟೆಯಲ್ಲೇ ಶಾಲೆಗೆ ಹೋಗಿ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬನ್ನಿ ಅವೊ ಎಂದರೂ ಹೋಗಲಿಲ್ಲ. ಕೇರಿಯವರೆಲ್ಲ, ಮೇಷ್ಟ್ರೂ ಕೂಡ, ಅವಳನ್ನು ಅವೊ ಎಂದೇ, ತಾಯಿ ಎಂದೇ ಕರೆಯುವವರು. ಆದರೂ ಅಂಥ ಬಾಗಿಲುಗಳ ಒಳಗೆ ಕಾಲಿಟ್ಟು ಅವಳಿಗೆ ರೂಢಿಯಿರಲಿಲ್ಲ. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೂ ಕೊಡಬೇಕು, ಪರೀಕ್ಷೆಯಾದರೂ ಅಷ್ಟೇ, ಪೆಟ್ಟಾದರೂ ಅಷ್ಟೇ ಎಂದಳು. ಮೇಷ್ಟ್ರು ಒಳನಾಡಿನಲ್ಲಿ ಓದಿ ಬಂದರೂ ಈ ಕೇರಿಯಲ್ಲೇ ಹುಟ್ಟಿದವರು. ಹಿಂದೊಮ್ಮೆ ಪಾಠದ ನಡುವೆ ಮಾತಾಡಿದ ಓಕೊನ ಅಂಗೈಗೆ ಅವರು ಬೆತ್ತದ ಏಟು ಕೊಟ್ಟಾಗ ಅಕ್ವೊಕೊ ತಾನಾಗಿ ಎದ್ದು ಬಂದು ಕೈ ಚಾಚಿ ನಿಂತಿದ್ದಳು. ಆ ಸಣ್ಣ ಕೈ ನೋಡಿ ಬೆತ್ತವನ್ನೇ ಬಿಟ್ಟವರು ಅವರು. ಸರಿ, ಇಬ್ಬರೂ ಬರೆಯಲಿ ಎಂದು ನಕ್ಕರು. ಅಕ್ವೊಕೊ ಬರೆದದ್ದು ಹಾಗೆ. ಮೊನ್ನೆ ಅದೇ ಮೇಷ್ಟ್ರು ಹೊಗೆಯಲ್ಲಿ ಕೆಮ್ಮುತ್ತ ಅಂಗಳಕ್ಕೆ ಬಂದು, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಒಂದೇ ಹೆಸರು ಹೇಳಿದರು. ಹುಡುಗಿಯ ಹೆಸರು. ಹೇಳಿದ ಕೂಡಲೇ ಓಕೊನ ಹೆಗಲ ಮೇಲೆ ಕೈಯಿಟ್ಟು, ನೀನೂ ಬಹಳ ಚೆನ್ನಾಗಿ ಬರೆದಿದ್ದೆ ಮಗಾ ಎಂದರು. ಓಕೊ ಥ್ಯಾಂಕ್ಯೂ ಸರ್ ಎಂದ. ಅವರು ಕೈ ತೆಗೆಯುವ ತನಕ ಅಲುಗದೆ ನಿಂತಿದ್ದ. ತೆಗೆದ ಮೇಲೆ ಹೆಗಲನ್ನು ಮೆಲ್ಲಗೆ ಜಾಡಿಸಿದ, ನೊಣ ಕೂತಿದ್ದ ಹಾಗೆ.

ಆ ಜಾಡಿಸುವಿಕೆಯನ್ನು ಕಂಡೇ ಲಾಮಿಲೆಗೆ ಮೈ ತಣ್ಣಗಾದದ್ದು. ನೀಲಿ ಮಣಿಯ ದಿನ ಕಣ್ಣ ಮುಂದೆ ಬಂತು. ಹುಡುಗಿಗೆ ಇಷ್ಟು ದೊಡ್ಡದೊಂದು ಬಂದಿದೆ, ಹುಡುಗನಿಗೆ ಏನೂ ಇಲ್ಲ. ನಿನ್ನೆ ಬೆಳಗಾಗುತ್ತಲೇ ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆದು, ಅದನ್ನೇ ಎರಡು ತುಂಡು ಮಾಡಿ, ಇಬ್ಬರಿಗೂ ಉಡಿಸಿ, ಪೌಡರು ಹಚ್ಚಿ, ಕೇರಿಯ ಮನೆಮನೆಗೂ ಕೃತಜ್ಞತೆ ಹೇಳಿಸಲು ಹೊರಟಳು. ಒಳ್ಳೆಯದಾದಾಗ ಹೇಳಿ ಬರುವುದು ಹಿಂದಿನಿಂದ ಬಂದ ಪದ್ಧತಿ. ಅವಳ ಎದೆಯಲ್ಲಿ ಕೃತಜ್ಞತೆ ನಿಜವಾಗಿಯೂ ತುಂಬಿತ್ತು. ಅದರ ಅಡಿಯಲ್ಲೇ ಭಯವೂ ಇತ್ತು, ಎರಡೂ ಬೆರೆತು ಯಾವುದು ಯಾವುದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮೊದಲ ಮನೆ ಕೊಮಿ ಬೇಯಿಸಿ ಮಾರುವ ಡೆಡೆಯ್‌ಳದು. ಮೆಕ್ಕೆಜೋಳದ ಹುಳಿಹಿಟ್ಟಿನ ಉಂಡೆಯನ್ನು ಎಲೆಯಲ್ಲಿ ಸುತ್ತುತ್ತ ಕೂತಿದ್ದವಳು ಬಿಳಿ ಬಟ್ಟೆ ಕಂಡು ಎದ್ದು ನಿಂತಳು.

“ಇಬ್ರೂ ಗುಡ್ಡ ಹತ್ತಿಬಿಟ್ರಾ? ಇನ್ಮೇಲೆ ನಮ್ಮ ಮೀನಿನ ಲೆಕ್ಕ ಯಾರಪ್ಪಾ ಮಾಡೋದು?”

ಲಾಮಿಲೆ ಏನಾದರೂ ಹೇಳುವ ಮೊದಲೇ ಹುಡುಗ ಹೇಳಿದ.

“ನನಗೆ ಸಿಕ್ಕಿಲ್ಲ ಆಂಟಿ. ತಂಗಿಗೆ.”

“ಮತ್ತೆ ಕತ್ತಿಗೆ ಪೌಡರು?”

“ಅವೊ ಹಚ್ಚಿದ್ಲು.”

ಡೆಡೆಯ್ ಲಾಮಿಲೆಯ ಮುಖ ನೋಡಿದಳು, ಹುಡುಗನ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ಉಂಡೆಯನ್ನು ನೋಡಿಕೊಂಡು, ಒಳ್ಳೇದಾಗ್ಲಿ, ಒಳ್ಳೇದಾಗ್ಲಿ ಎಂದಳು. ಅಲ್ಲಿಗೇ ತಿರುಗಿ ಮನೆಗೆ ಬರಬಹುದಿತ್ತು. ಲಾಮಿಲೆ ಬರಲಿಲ್ಲ. ಮುಂದಿನ ಮನೆಯಲ್ಲೂ ಅದೇ ಮಾತು, ಅದರ ಮುಂದಿನ ಮನೆಯಲ್ಲೂ ಅದೇ. ಹೋಗುತ್ತ ಹೋಗುತ್ತ ಓಕೊನ ಉತ್ತರ ಸಣ್ಣದಾಯಿತು. ನನಗಲ್ಲ, ಅವಳಿಗೆ. ಅವಳಿಗೆ. ಕೊನೆಗೆ ಬೆರಳಿನಲ್ಲಿ ತಂಗಿಯನ್ನು ತೋರಿಸುವುದಷ್ಟೇ. ಕೊನೆಯ ಮನೆ ಬಲೆ ಹೆಣೆಯುವ ಮುದುಕನದು, ಕಿವಿ ಕೇಳಿಸುವುದಿಲ್ಲ. ಅವನು ಇಬ್ಬರ ತಲೆಯ ಮೇಲೂ ಕೈಯಿಟ್ಟು, ಇಬ್ಬರ ಹೆಸರನ್ನೂ ಹಿಡಿದು, ತೀರಿಹೋದ ಹಿರಿಯರ ಆಶೀರ್ವಾದಕ್ಕೆ ನೆಲಕ್ಕೆ ನೀರು ಬಿಡಲು ಬಟ್ಟಲು ಎತ್ತಿದ. ಸುಳ್ಳಿಗೆ ನೀರು ಬಿಡಿಸಬಾರದು ಎಂಬುದು ಮಗುವಿಗೂ ಗೊತ್ತು. ಓಕೊ ಮುದುಕನ ಕಿವಿಗೆ ಬಾಯಿ ಹಚ್ಚಿ ಹೇಳಿದ, ಕೇಳಿಸಲಿಲ್ಲ. ಜೋರಾಗಿ ಹೇಳಿದ, ಮುದುಕ ನಗುತ್ತ ತಲೆ ಆಡಿಸಿದ. ಆಗ ಹುಡುಗ ಎದೆ ತುಂಬ ಉಸಿರು ತೆಗೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ, ನನಗೆ ಸಿಕ್ಕಿಲ್ಲ ತಾತಾ ಎಂದು ಕೂಗಿದ. ಎಲ್ಲೋ ಗೋಡೆಯ ಆಚೆ ಸಣ್ಣ ಮಕ್ಕಳು ಅದನ್ನೇ ರಾಗ ಮಾಡಿ ಕೂಗಿದವು. ಲಾಮಿಲೆ ಪಕ್ಕದಲ್ಲೇ ಇದ್ದಳು. ಮುಖದ ಮೇಲಿನ ನಗುವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ಹೊತ್ತುಕೊಂಡು ನಿಂತಿದ್ದಳು. ಗೆದ್ದ ಹುಡುಗಿಯ ಮುಖ ಹೇಗಿತ್ತೆಂದು ಈಗ ನೆನಪು ಮಾಡಿಕೊಳ್ಳಲು ಹೋದರೆ ಏನೂ ಸಿಗುತ್ತಿಲ್ಲ. ನಿನ್ನೆ ಆ ಮುಖವನ್ನು ಯಾರೂ ನೋಡಿರಲಿಲ್ಲ.

ಜರಡಿ ತುಂಬಿತು. ಬೆಂಕಿ ಹಾಕುವ ಮನಸ್ಸಾಗದೆ ಮೇಲೆ ಗೋಣಿ ಮುಚ್ಚಿ, ಕೈ ತೊಳೆದು, ಲಾಮಿಲೆ ಒಳಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತಳು. ಹುಡುಗಿ ತಿರುಗಲಿಲ್ಲ.

“ನಾನು ಹೋಗಲ್ಲ” ಎಂದಳು ಗೋಡೆಗೆ. “ಆ ಪರೀಕ್ಷೆ ಅವನದು.”

ಹುಡುಗಿ ತಾನೇ ಮುಂದುವರಿಸಿದಳು. ಅದು ಪರೀಕ್ಷೆ ಅಂತಲೇ ತನಗೆ ಅನಿಸಲಿಲ್ಲವಂತೆ. ಒಂದು ಆಕಾರ ಕೊಟ್ಟು, ಇದನ್ನು ತಿರುಗಿಸಿದರೆ ಯಾವುದಾಗುತ್ತದೆ ಎಂದು ಕೇಳಿದ್ದರಂತೆ. ಕಣ್ಣು ಮುಚ್ಚಿದರೆ ಅವು ತಾವಾಗಿಯೇ ತಿರುಗುತ್ತಿದ್ದವಂತೆ. ಓಕೊ ಪಕ್ಕದ ಬೆಂಚಿನಲ್ಲಿ ಪೆನ್ಸಿಲ್ ಕಚ್ಚುತ್ತಿದ್ದನಂತೆ. ತಾನು ಅದನ್ನು ನೋಡಿಯೂ ಮುಂದಿನ ಹಾಳೆ ತಿರುವಿದೆ ಎಂದಳು. ಆಮೇಲೆ, ಕದ್ದದ್ದನ್ನು ಒಪ್ಪಿಕೊಳ್ಳುವವಳ ದನಿಯಲ್ಲಿ, “ನನಗೆ ಖುಷಿಯಾಯ್ತು ಅವೊ, ಬರೆಯುವಾಗ” ಎಂದು ಹೇಳಿ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಮರಳಿನ ಮೇಲಿನ ಆ ಗೆರೆಗಳು. ಎಳೆಯುವುದು, ಅಳಿಸುವುದು. ಎಷ್ಟೋ ಸಲ ಲಾಮಿಲೆ ಅವುಗಳನ್ನು ತುಳಿದುಕೊಂಡೇ ಓಡಾಡಿದ್ದಳು. ಇಬ್ಬರನ್ನು ಇಬ್ಬರಾಗಿ ಸಾಕಿದ್ದೇನೆಂದೇ ಅವಳು ತಿಳಿದಿದ್ದಳು. ಸ್ನಾನ ಮಾಡಿಸಿದರೂ ಬೈದರೂ ಒಂದು ಕಣ್ಣು ಇವನ ಮೇಲೆ, ಒಂದು ಕಣ್ಣು ಇವಳ ಮೇಲೆ. ಎರಡೂ ಕಣ್ಣು ಸೇರಿ ಒಂದೇ ಮಗುವಿನ ಮೇಲೆ ಬಿದ್ದದ್ದು ಯಾವಾಗ ಎಂದು ಹುಡುಕುತ್ತ, ಹುಡುಗಿಯ ಪಾದವನ್ನು ಬಟ್ಟೆಯ ಮೇಲಿಂದಲೇ ಒಂದು ಸಲ ಹಿಡಿದು ಬಿಟ್ಟು, ಅವಳು ಎದ್ದು ಸಮುದ್ರದ ದಾರಿ ಹಿಡಿದಳು. ದಾರಿಯಲ್ಲಿ ಡೆಡೆಯ್ ಕೂಗಿ ಕೂರಿಸಿಕೊಳ್ಳಲು ನೋಡಿದಳು. ಇವತ್ತು ಯಾರಿಗೆ ಪೌಡರು ಅವೊ, ಬೆಕ್ಕಿಗೋ ಎಂದಳು. ಕುಟುಕುವ ಮಾತೇ, ಆದರೆ ಹಾಗೆ ಕೇಳುವವರೂ ಇಲ್ಲದ ಕೇರಿಯಲ್ಲಿ ಬದುಕುವುದು ಹೇಗೆ ಎನಿಸಿ ಲಾಮಿಲೆ, ಬೆಕ್ಕಿನದು ಮುಗೀತು, ಇನ್ನು ನಿನ್ನದೇ ಎಂದು ಹೇಳಿ ಮುಂದೆ ನಡೆದಳು. ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತದ್ದು ನಾನು ಎಂಬುದು ಕಾಲಿಗೆ ಕಲ್ಲು ಕಟ್ಟಿದ ಹಾಗೆ ಜೊತೆಗೇ ಬರುತ್ತಿತ್ತು. ಹುಡುಗಿ ಬರೆಯದೆ ಇದ್ದಿದ್ದರೆ ಹುಡುಗನಿಗೆ ಸಿಗುತ್ತಿತ್ತೋ ಏನೋ. ಕೊಟ್ಟ ಕೈಯೇ ಕಿತ್ತುಕೊಂಡಿತೇ? ಅದನ್ನು ಯಾರಲ್ಲಿ ಕೇಳುವುದು?

ದಡದಲ್ಲಿ ಬಲೆ ಎಳೆಯುತ್ತಿದ್ದರು. ಉದ್ದನೆಯ ಹಗ್ಗದ ಎರಡೂ ತುದಿಗೆ ಜನ, ಒಬ್ಬ ಹಾಡುವವನು, ಅವನ ಹಾಡಿಗೆ ಎಲ್ಲರ ಹಿಮ್ಮಡಿ ಮರಳಿಗೆ ಊರುವುದು. ಓಕೊ ಕೊಟ್ಟಕೊನೆಯಲ್ಲಿದ್ದ. ಮುಂದಿನವರು ಎಳೆದು ಬಿಟ್ಟ ಹಗ್ಗವನ್ನು ಸುರುಳಿ ಸುತ್ತುವ ಕೆಲಸ. ಅಜ್ಜಿಯನ್ನು ಕಂ‌ಡ, ಕೆಲಸ ಬಿಡಲಿಲ್ಲ. ಅವಳು ಮೇಲಕ್ಕೆಳೆದಿಟ್ಟ ದೋಣಿಯೊಂದರ ನೆರಳಿನಲ್ಲಿ ಕೂತಳು. ಬಲೆ ಬಂತು, ಹೆಚ್ಚೇನೂ ಇರಲಿಲ್ಲ, ಪ್ಲಾಸ್ಟಿಕ್ಕು, ಲೋಳೆ, ನಡುವೆ ಒಂದಿಷ್ಟು ಹೊಳೆಯುವ ಜೀವ. ಎಳೆದವರಿಗೆಲ್ಲ ಹಿಡಿ ಹಿಡಿ ಹಂಚಿದರು. ಓಕೊ ತನ್ನ ಹಿಡಿಯನ್ನು ಅಂಗಿಯ ತುದಿಯಲ್ಲಿ ಕಟ್ಟಿಕೊಂಡು ಬಂದು, ಅವಳಿಂದ ಒಂದು ಮಾರು ದೂರದಲ್ಲಿ, ಸಮುದ್ರಕ್ಕೆ ಮುಖ ಮಾಡಿ ಕುಳಿತ. ಖಾಲಿ ಹೊಟ್ಟೆಯಲ್ಲಿ ಹಗ್ಗ ಎಳೀತೀಯೇನೋ ಎಂದು ಅವಳು ಕೇಳಿದ್ದಕ್ಕೆ, ಎಳೆಯೋದು ಕೈ, ಹೊಟ್ಟೆ ಅಲ್ಲವಲ್ಲ ಎಂದ. ಅವನ ಕತ್ತನ್ನು ಅವಳು ನೋಡಿದಳು. ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದುಕೊಂಡಿದ್ದ, ಚರ್ಮ ತರಚುವ ಹಾಗೆ. ದೊಡ್ಡವರು ಮಕ್ಕಳಲ್ಲಿ ಕೇಳದ ಮಾತೊಂದು ಅವಳ ಬಾಯಿಗೆ ಬಂತು.

“ನಾನು ತಪ್ಪು ಮಾಡಿದ್ನೇನೋ ಓಕೊ?”

ಹುಡುಗ ಮರಳನ್ನು ಕಾಲಿನಿಂದ ತೋಡುತ್ತಿದ್ದ. “ಪೌಡರ್ ಹಚ್ಕೊಂಡು ಅಳೋದು ಹೆಂಗೆ ಅವೊ?” ಎಂದ.

“ಅಳು ಬಂದಿತ್ತಾ?”

“ಸ್ವಲ್ಪ.”

ಅಲೆ ಬಂದು ಹೋಯಿತು. ಅವಳು ಶಾಲೆಯ ಬಾಗಿಲಿನ ಮಾತು ತೆಗೆದಳು, ತಾನು ಹೋಗಿ ಹೇಳದೆ ಇದ್ದಿದ್ದರೆ ಎಂದು. ಅವನು ತಲೆ ಅಲ್ಲಾಡಿಸಿದ. ಶಾಲೆಯವರು ಒಬ್ಬರನ್ನೇ ತೆಗೆದುಕೊಳ್ಳುತ್ತೇವೆ ಎಂದೇನೂ ಹೇಳಿರಲಿಲ್ಲ, ತಂಗಿ ಬರೆಯದಿದ್ದರೂ ತನಗೆ ಸಿಗುತ್ತಿರಲಿಲ್ಲ, ಆ ಚಿತ್ರಗಳು ತನಗೆ ತಿರುಗಲೇ ಇಲ್ಲ ಎಂದು ಬಹಳ ಹಿಂದೆ ಯಾರಿಗೋ ಆದದ್ದನ್ನು ಹೇಳುವವನ ಹಾಗೆ ಹೇಳಿದ. ಲೆಕ್ಕ ಇದ್ದ ಹಾಳೆಯನ್ನು ಮಾತ್ರ ಎಲ್ಲರಿಗಿಂತ ಮೊದಲು ಮುಗಿಸಿದ್ದನಂತೆ. ತಂಗಿ ಹೋಗುವುದಿಲ್ಲ ಎನ್ನುತ್ತಿದ್ದಾಳೆ ಎಂದು ಲಾಮಿಲೆ ಹೇಳಿದಾಗ ಸರ್ರನೆ ತಿರುಗಿದ.

“ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿದೆ ಅವೊ. ಮುಖ ನೋಡೋಕೇ ಆಗ್ತಿಲ್ಲ. ಅವಳು ಹೋಗದೆ ಇಲ್ಲೇ ಕೂತ್ರೆ ಆ ಮುಖಾನ ದಿನಾ ನೋಡ್ಬೇಕಲ್ಲ ನಾನು. ಆಮೇಲೆ ಜನ ಏನಂತಾರೆ? ಇವನಿಂದ ಅವಳು ಕೆಟ್ಲು ಅಂತಾರೆ. ಹೋಗ್ಲಿ ಅವಳು. ಆದ್ರೆ ಹೋಗು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಇವತ್ತು ಬೇಡ. ನನಗೆ ಏನೂ ಕೊಡ್ಲೂ ಬೇಡ.”

ಅಷ್ಟು ಹೇಳುವಷ್ಟರಲ್ಲಿ ಅವನ ಗದ್ದ ನಡುಗಲು ಶುರುವಾಗಿತ್ತು. ಮೊಣಕಾಲಿನ ನಡುವೆ ಮುಖ ಹುದುಗಿಸಿ ಅತ್ತ. ಸಣ್ಣ ಮಗುವಿದ್ದಾಗ ಅಳುತ್ತಿದ್ದ ಹಾಗೆಯೇ, ಮೂಗಿನಿಂದ ಶುರುವಾಗಿ ಹೊಟ್ಟೆಗೆ ಇಳಿಯುವ ಅಳು. ಲಾಮಿಲೆಯ ಕೈ ಸೆರಗಿನ ತುದಿಗೆ ಹೋಯಿತು, ಒರೆಸಲು. ಒರೆಸಬಾರದು ಎಂದು ಅವಳಿಗೆ ಅನಿಸಿತು, ಯಾಕೆಂದು ಹೇಳಲು ಬರುತ್ತಿರಲಿಲ್ಲ. ಕೈಯನ್ನು ವಾಪಸು ಮಡಿಲಿಗೆ ತಂದು, ಒಂದರೊಳಗೆ ಒಂದು ಕಟ್ಟಿಕೊಂಡು ಕೂತಳು. ಬಲೆಯ ಯಜಮಾನ ದೂರದಿಂದ ಹುಡುಗನಿಗೆ ಏನಾಯಿತು ಎಂದು ಕೂಗಿ ಕೇಳಿದ. ಏನಿಲ್ಲ, ಅಳ್ತಿದ್ದಾನೆ ಎಂದಳು. ಯಜಮಾನನಿಗೆ ಅದು ಸಾಕಾಯಿತು. ಆಮೇಲೆ ಅವಳು ಮೊಣಕಾಲು ಹಿಡಿದು ಎದ್ದು, ಅವನನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅಳುವ ಅವಳಿಯನ್ನು ಒಂಟಿಯಾಗಿ ಬಿಟ್ಟು ಬಂದದ್ದು ಅದೇ ಮೊದಲು. ಹಿಂತಿರುಗಿ ನೋಡಬೇಕೆಂದು ಬೆನ್ನೆಲ್ಲ ಕಡಿಯುತ್ತಿತ್ತು.

ಮನೆಗೆ ಬಂದು ಹೆಗ್ಗೆಣಸು ಹೆಚ್ಚಿ ಬೇಯಿಸಿದಳು. ಕೆಂಪು ತಾಳೆಎಣ್ಣೆ ಹಾಕಿ ಮಣ್ಣಿನ ಬಟ್ಟಲಲ್ಲಿ ಮಸೆಯುವಾಗ ಎಣ್ಣೆ ಅಂಚಿಗೆ ಚೆಲ್ಲಿತು. ಒಂದೇ ಮೊಟ್ಟೆ ಬೇಯಿಸಿದ್ದಳು. ಅವಳಿಗಳ ಮನೆಯಲ್ಲಿ ಗೆಣಸು ಮಸೆದು ಅದರ ಮೇಲೆ ಒಂದೇ ಮೊಟ್ಟೆ ಇಡುವುದೆಂದರೆ ಸಾವಿನ ಮನೆಯ ಕೆಲಸ, ಜೋಡಿಯಲ್ಲಿ ಒಬ್ಬರು ಸತ್ತಾಗ ಉಳಿದವರಿಗೆ ಮಾತ್ರ ಬಡಿಸುವುದು. ಗೊತ್ತಿದ್ದೂ ಇಟ್ಟಳು. ಹಿತ್ತಲ ಬೋಗುಣಿಯ ಮುಂದೆ ಹೋಗಿ ನಿಂತು, ನೀವು ಏನು ಮಾಡುವುದಿದ್ದರೂ ನನಗೆ ಮಾಡಿ, ಅವನು ಕೇಳಿದ್ದನ್ನೇ ನಾನು ಮಾಡುತ್ತಿದ್ದೇನೆ ಎಂದು ಕೊಂಬುಗಳಿಗೆ ಹೇಳಿದಳು. ಪಾಸ್ಟರ ದೇವರಿಗೂ ಅದನ್ನೇ ಹೇಳಿ, ಹುಡುಗಿಯನ್ನು ಎಬ್ಬಿಸಿ ಬಟ್ಟಲನ್ನು ಮುಂದಿಟ್ಟಳು. ಅಕ್ವೊಕೊ ಬಟ್ಟಲನ್ನೇ ನೋಡಿದಳು. ಅವಳ ಕಪ್ಪು ಮುಖ ಬೂದಿಬಣ್ಣಕ್ಕೆ ತಿರುಗಿತು.

“ಓಕೊನ ಮೊಟ್ಟೆ ಎಲ್ಲಿ?”

“ಇವತ್ತು ಅವನಿಗಿಲ್ಲ. ಇದು ನಿನ್ನದು. ನೀನು ಗೆದ್ದದ್ದಕ್ಕೆ.”

“ಅವೊ, ಅವನು ಸತ್ತುಹೋಗ್ತಾನೆ.”

ಆ ಮಾತನ್ನು ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆಂದು ಲಾಮಿಲೆ ತಿಳಿದಿದ್ದಳು. ಮಗುವಿನ ಎದೆಯಲ್ಲೂ ಅದೇ ಕೂತಿತ್ತು. ಕೈ ಚಾಚಿ ಏಟು ಕೇಳಿದ ಆ ಸಣ್ಣ ಹುಡುಗಿಯ ಒಳಗೂ ಅದೇ ಇತ್ತೇನೋ. ಹುಡುಗಿಯ ಎರಡೂ ಕೆನ್ನೆಯನ್ನು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಸಾಯಲ್ಲ. ಸಮುದ್ರದ ಹತ್ರ ಕೂತು ಅಳ್ತಿದ್ದಾನೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದಾನೆ. ಸಾಯೋರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿರುತ್ತೆ?”

ಹುಡುಗಿಯ ಮೂಗಿನಿಂದ ಒಂದು ನಗು ಜಾರಿತು, ಕಣ್ಣಿನಲ್ಲಿ ಮಾತ್ರ ಇನ್ನೂ ನೀರು. ಅವನು ಹೋಗು ಅಂದನಾ ಎಂದು ಕೇಳಿದಳು. ಅನ್ನಲಿಲ್ಲ, ಅನ್ನು ಎಂದು ನಾನೂ ಕೇಳಲಿಲ್ಲ ಎಂದಳು ಲಾಮಿಲೆ. ಅದು ಅವನ ಮಾತಲ್ಲ, ನಿನ್ನದು. ನಿನಗೆ ಹೋಗಬೇಕಾ? ಹುಡುಗಿ ತಲೆ ತಗ್ಗಿಸಿದಳು. ಬೆರಳು ಬಟ್ಟಲಿನ ಅಂಚಿನ ಎಣ್ಣೆಯಲ್ಲಿ ಏನೋ ಗೀಚುತ್ತಿತ್ತು. ಆಮೇಲೆ ಹೂಂ ಎಂದಳು. ಎಷ್ಟು ಮೆಲ್ಲಗೆಂದರೆ, ಲಾಮಿಲೆಗೆ ಅದು ಕೇಳಿಸುವ ಮೊದಲು ಕಂಡಿತು. ಮುಖ ಹಾಗೆ ಬೆಳಗಿತ್ತು. ಮೊನ್ನೆ ಮೇಷ್ಟ್ರು ಹೆಸರು ಹೇಳಿದಾಗಲೇ ಬರಬೇಕಿದ್ದ ಬೆಳಕು, ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ ಪಾಪ. ಇದನ್ನು ನೋಡಲು ನನ್ನನ್ನು ಇಷ್ಟು ವರ್ಷ ಉಳಿಸಿದೆಯಲ್ಲ ಎಂದು ಅವಳು ಯಾರಿಗೆಂದು ಗೊತ್ತಿಲ್ಲದೆ ಮನಸ್ಸಿನಲ್ಲೇ ಕೈಮುಗಿದಳು. ಹುಡುಗಿ ಮೊಟ್ಟೆಯನ್ನು ಮುರಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಂಡು, ಅಳುತ್ತಲೇ ಅಗಿದಳು. ಗೆಣಸನ್ನೂ ಪೂರ್ತಿ ತಿಂದಳು. ಅಣ್ಣನಿಗೆಂದು ಉಳಿಸಲು ಒಂದು ಸಲ ಬೆರಳು ತಡೆಯಿತು. ಅಜ್ಜಿಯ ಮುಖ ನೋಡಿ, ಅದನ್ನೂ ಬಳಿದು ತಿಂದಳು.

ಸೊವಾ ಮೇಷ್ಟ್ರು ಬಂದಾಗ ಬಿಸಿಲು ಇಳಿದಿತ್ತು. ಲಾಮಿಲೆ ಅವರಿಗೆ ಸ್ಟೂಲು ಹಾಕಿ ನೀರು ಕೊಟ್ಟಳು. ಅವರು ಬಂದ ಕೆಲಸ ಕೇಳಿದಾಗ ಅವಳು ಹುಡುಗಿಯ ಕಡೆ ನೋಡಿದಳು. ಹುಡುಗಿಯೇ ಎದ್ದು ನಿಂತು, ಹೋಗ್ತೀನಿ ಸರ್ ಎಂದಳು. ಅಷ್ಟರಲ್ಲಿ ಓಕೊ ಅಂಗಳದ ಬಾಗಿಲು ತಳ್ಳಿಕೊಂಡು ಬಂದ. ಅಂಗಿಯಲ್ಲಿ ಕಟ್ಟಿದ ಮೀನು, ಊದಿದ ಕಣ್ಣು. ಮಾತು ಅವನ ಕಿವಿಗೆ ಬಿದ್ದಿತ್ತು. ಎಲ್ಲರೂ ಅವನನ್ನು ನೋಡಬಾರದೆಂದುಕೊಂಡು ನೋಡಿದರು. ಮೇಷ್ಟ್ರು ಒಳ್ಳೆಯವರು. ಎದ್ದು ಅವನ ಕಡೆ ಹೋಗಿ, ಇನ್ನೂ ಬೇರೆ ಶಾಲೆಗಳಿವೆ, ಬೇರೆ ದಾರಿಗಳಿವೆ, ಲೆಕ್ಕದಲ್ಲಿ ನಿನಗೆ ಬಂದದ್ದು ಎಂದು ಶುರುಮಾಡಿದರು. ಓಕೊನ ಹೆಗಲು ಮೇಲಕ್ಕೆದ್ದದ್ದನ್ನು ಲಾಮಿಲೆ ಕಂಡಳು.

“ಅದೆಲ್ಲ ಇವತ್ತು ಬೇಡ ಮೇಷ್ಟ್ರೇ” ಎಂದಳು. “ಇನ್ನೊಂದು ದಿನ ಬಂದು ಹೇಳಿ. ಆಗ ಕೇಳ್ತಾನೆ.”

ಮೇಷ್ಟ್ರ ಮಾತಿಗೆ ಅವಳು ಅಡ್ಡ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವರು ಅವಳನ್ನು ನೋಡಿ, ಹುಡುಗನನ್ನು ನೋಡಿ, ಎತ್ತಿದ ಕೈಯನ್ನು ಇಳಿಸಿದರು. ಸರಿ ಅವೊ, ಹಾಗೇ ಮಾಡೋಣ ಎಂದು ಹೇಳಿ, ಹೋಗುವಾಗ ಓಕೊನಿಗೆ ಸುಮ್ಮನೆ ತಲೆಬಾಗಿ ಹೋದರು, ದೊಡ್ಡವರಿಗೆ ಬಾಗುವ ಹಾಗೆ. ಅದಕ್ಕೂ ಅವಳು ಮನಸ್ಸಿನಲ್ಲಿ ಕೃತಜ್ಞತೆ ಹೇಳಿದಳು.

ಓಕೊ ಅಂಗಳದ ನಡುವೆ ನಿಂತಿದ್ದ. ಅವನ ಕಣ್ಣು ಖಾಲಿ ಬಟ್ಟಲಿನ ಮೇಲೆ ಬಿತ್ತು, ಅಂಚಿನ ಕೆಂಪು ಎಣ್ಣೆ, ಪಕ್ಕದಲ್ಲಿ ಮೊಟ್ಟೆಯ ಚಿಪ್ಪು. ಒಂದೇ ಚಿಪ್ಪು. ತಂಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

“ನನಗೆ ಉಳಿಸಿಲ್ವಾ?”

“ಇಲ್ಲ” ಎಂದಳು ಲಾಮಿಲೆ.

ಅವನು ತಂಗಿಯ ಕಡೆ ತಿರುಗಿ ಅವಳ ಬಾಯಿಯ ಮೂಲೆಯಲ್ಲಿ ಅಂಟಿದ್ದ ಹಳದಿಯನ್ನು ನೋಡಿದ. ಮೀನಿನ ಗಂಟು ಬಿಚ್ಚಿ ಅಜ್ಜಿಯ ಬುಟ್ಟಿಗೆ ಸುರಿದು, ಕೈ ತೊಳೆದುಕೊಂಡು, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಕೂತ.

“ಹಾಗಾದ್ರೆ ಕೊಮಿ ಹಾಕು. ಹಸಿವಾಗಿದೆ.”

ಅವಳು ಎಲೆ ಬಿಡಿಸಿ ಮುದ್ದೆ ಇಟ್ಟಳು, ಹೊಗೆಮೀನು ಇಟ್ಟಳು, ಮೆಣಸು ಅರೆದದ್ದು ಇಟ್ಟಳು. ಅವನು ತಿಂದ. ಮುಗಿಸಿ, ಇನ್ನೊಂದು ಎಂದ. ಹೊಟ್ಟೆಬಾಕ ಎಂದಳು ತಂಗಿ ಗೋಡೆಯ ಹತ್ತಿರದಿಂದ, ದನಿ ಇನ್ನೂ ಗಟ್ಟಿಯಿರಲಿಲ್ಲ. ಅವನು ತಲೆ ಎತ್ತದೆ, ಬಾಯಿ ಒರೆಸ್ಕೋ ಹೋಗು, ಗುಡ್ಡದ ಮೇಲೂ ಹಿಂಗೇ ಹೋಗ್ತೀಯಾ ಎಂದ. ಹೇಳಿದ ಮೇಲೆ ಅವನ ಕಿವಿ ಬಿಸಿಯಾಯಿತು. ಹೇಳಿಸಬೇಡ ಎಂದಿದ್ದ ಮಾತು ಅವನ ಬಾಯಿಂದಲೇ ಅರ್ಧ ಜಾರಿಬಿಟ್ಟಿತ್ತು. ಲಾಮಿಲೆ ಅದನ್ನು ಕೇಳದವಳ ಹಾಗೆ ಎರಡನೆಯ ಮುದ್ದೆಯ ಎಲೆ ಬಿಡಿಸಿದಳು. ಅವನು ಮೀನಿನ ಬೆನ್ನಿನ ಮುಳ್ಳನ್ನು ತುದಿಯಿಂದ ಹಿಡಿದು, ಮುರಿಯದ ಹಾಗೆ ನಿಧಾನವಾಗಿ ಎಳೆದು ತೆಗೆಯುತ್ತಿದ್ದ.